ಕೋಳಿಗೂ ನೂರು ಅಂಕ

ಬಿಳಿಯ ನಿಲುವಂಗಿಯನ್ನು ತೊಟ್ಟ ತೀರ್ಪುಗಾರನೊಬ್ಬನು ತಂತಿಯ ಪಂಜರಗಳ ಉದ್ದವಾದ ಸಾಲಿನ ಮುಂದೆ ನಿಧಾನವಾಗಿ ನಡೆದುಬರುವನು. ಒಂದು ಪಂಜರದ ಬಳಿ ಬಂದೊಡನೆ ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತು, ಒಳಗಿರುವ ಕೋಳಿಯನ್ನು ಮಾತಿಲ್ಲದೆ ನೋಡುವನು. ಕೋಳಿಯು ಮುದುಡಿಕೊಂಡು ನಿಂತಿದ್ದರೆ ಕೈಯಲ್ಲಿರುವ ಸಣ್ಣ ಕೋಲಿನಿಂದ ಮೆಲ್ಲನೆ ತಟ್ಟಿ, ಅದು ಮೈಯನ್ನು ನೆಟ್ಟಗೆ ಮಾಡಿಕೊಳ್ಳುವವರೆಗೂ ಕಾಯುವನು. ಬಳಿಕ ಬಾಗಿಲನ್ನು ತೆರೆದು, ರೆಕ್ಕೆಗಳನ್ನು ಒಂದು ಕೈಯಿಂದ ಅದುಮಿ ಹಿಡಿದು, ಇನ್ನೊಂದು ಕೈಯನ್ನು ಎದೆಯ ಅಡಿಗೆ ತೂರಿಸಿ, ಕಾಲುಗಳನ್ನು ಬೆರಳುಗಳ ನಡುವೆ ಸಿಕ್ಕಿಸಿಕೊಂಡು, ತಲೆ ಮುಂದಾಗುವಂತೆ ಅದನ್ನು ಹೊರಕ್ಕೆ ತೆಗೆಯುವನು. ಬಾಲ ಮುಂದಾಗಿ ಎಳೆದರೆ ಗರಿಗಳು ಬಾಗಿಲಿಗೆ ತಗುಲಿ ಹಿಮ್ಮುಖವಾಗಿ ಬಾಗಿ ಮುರಿದುಹೋದಾವು. ಇಂಗ್ಲೆಂಡು ಅಮೆರಿಕಗಳ ಕೋಳಿ ಪ್ರದರ್ಶನಗಳಲ್ಲಿ ಕಾಣುವ ನೋಟವಿದು. ಒಂದು ಕೋಳಿಯ ಪರೀಕ್ಷೆ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಆ ಕೋಳಿಯ ವಂಶ ಬೆಳೆಯಬೇಕೆ, ಇಲ್ಲವೆ ಅಡಿಗೆಮನೆಯ ಪಾಲಾಗಬೇಕೆ ಎಂಬುದು ಬಹುಮಟ್ಟಿಗೆ ಆ ಕೆಲವು ನಿಮಿಷಗಳಲ್ಲಿಯೇ ಗೊತ್ತಾಗಿಹೋಗುವುದು. ಬಹುಮಾನ ಪಡೆದ ಹುಂಜದ ಮರಿಗಳನ್ನು ಎಲ್ಲರೂ ಬಯಸುವರು. ಉಳಿದವನ್ನು ಕೇಳುವವರು ಯಾರು?

ಒಂದು ಲೋಹದ ತುಂಡನ್ನು ನಮ್ಮ ಕೈಗೆ ಕೊಟ್ಟು ಅದರ ಗುಣಗಳನ್ನು ಹೇಳಿರಿ ಎಂದರೆ, ನಾವು ತಕ್ಕಡಿಯನ್ನೂ ಅಳತೆಪಟ್ಟಿಯನ್ನೂ ಹುಡುಕಿಕೊಂಡು ಹೋಗುವೆವು. ತೂಕ ಇಷ್ಟು, ಗಾತ್ರ ಇಷ್ಟು, ಆದುದರಿಂದ ಸಾಂದ್ರತೆ ಇಷ್ಟು ಎಂದು ಲೆಕ್ಕ ಹಾಕಿ ಹೇಳುವೆವು. ಜೀವಂತವಾದ ಕೋಳಿಯನ್ನು ಕೊಟ್ಟು 'ಇದರ ಮೈಕಟ್ಟು ಒಳ್ಳೆಯದೆ?' ಎಂದು ಕೇಳಿದರೆ ಯಾವುದನ್ನು ಅಳೆಯಬೇಕು? ಅಳೆದುದನ್ನು ಯಾವುದರೊಡನೆ ಹೋಲಿಸಬೇಕು? ವಿನೋದದ ಪ್ರಶ್ನೆಯಂತೆ ತೋರಿದರೂ ಇದಕ್ಕೆ ಉತ್ತರ ಹುಡುಕುತ್ತ ಮನುಷ್ಯನು ನೂರೆಂಬತ್ತು ವರ್ಷಗಳನ್ನು ಕಳೆದಿದ್ದಾನೆ. ನಡುವೆ ಮಾಡಿಕೊಂಡ ತಪ್ಪುಗಳೂ ಸ್ವಾರಸ್ಯವಾಗಿವೆ.

ಕೋಳಿಗಳನ್ನು ಅವುಗಳ ಚೆಲುವಿಗಾಗಿ ಸ್ಪರ್ಧೆಗೆ ನಿಲ್ಲಿಸುವ ಪದ್ಧತಿ ಬಹಳ ಹಳೆಯದೇನಲ್ಲ. ಇಂಗ್ಲೆಂಡಿನಲ್ಲಿ 1835ರ ಶಾಸನವು ಕೋಳಿಯಂಕವನ್ನು ನಿಷೇಧಿಸಿತು. ಅಂಕದ ಹುಂಜಗಳನ್ನು ಸಾಕಿ ಪಳಗಿದ ಕೈಗಳಿಗೆ ಬೇರೊಂದು ಕೆಲಸ ಬೇಕಾಗಿದ್ದಿತು. 1845ರಲ್ಲಿ ಲಂಡನ್ನಿನ ಮೃಗಾಲಯದ ತೋಟದಲ್ಲಿ ಕೋಳಿಗಳ ಪ್ರದರ್ಶನ ನಡೆಯಿತು. 1849ರ ನವೆಂಬರಿನಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಅಂಥದೇ ಒಂದು ಪ್ರದರ್ಶನಕ್ಕೆ ಸಾವಿರಾರು ಜನ ನೆರೆದರು. ಆ ದಶಕದಲ್ಲಿಯೇ ಚೀನಾದಿಂದ ಕೊಚಿನ್ ಎಂಬ ಭಾರಿ ಕೋಳಿಗಳು ಬಂದು ವಿಕ್ಟೋರಿಯಾ ರಾಣಿಯ ಅಂಗಳವನ್ನು ಸೇರಿದ್ದುವು. ಕಾಲುಬೆರಳಿನವರೆಗೂ ಗರಿ ಹೊದ್ದ ಈ ದೈತ್ಯಗಳನ್ನು ನೋಡಿದ ಜನಕ್ಕೆ ಹುಚ್ಚು ಹಿಡಿದಂತಾಗಿ, ಒಂದು ಜೊತೆ ಕೋಳಿಗೆ ಕುದುರೆಯ ಬೆಲೆ ಬಂದಿತು. ಬರ್ನ್‌ಹ್ಯಾಮ್ ಎಂಬ ಅಮೆರಿಕದ ವ್ಯಾಪಾರಿ 1855ರಲ್ಲಿ ಈ ಹುಚ್ಚಿನ ಚರಿತ್ರೆಯನ್ನೇ ಬರೆದು ಅದಕ್ಕೆ 'ಕೋಳಿಜ್ವರ' ಎಂದು ಹೆಸರಿಟ್ಟನು. ಇಂದು ಆ ಹೆಸರಿನಿಂದ ನಾವು ಅಂಜುವ ರೋಗವಲ್ಲ ಅದು. ಕೋಳಿಗಳಿಂದಾಗಿ ಮನುಷ್ಯರಿಗೆ ಏರಿದ ಜ್ವರ.

ಜ್ವರ ಇಳಿದ ಮೇಲೆ ವಿವೇಕಿಗಳಿಗೆ ಒಂದು ತೊಡಕು ಕಾಣಿಸಿತು. ಒಬ್ಬ ತೀರ್ಪುಗಾರನು ಮೆಚ್ಚಿದ ಕೋಳಿಯನ್ನು ಮುಂದಿನ ಊರಿನ ತೀರ್ಪುಗಾರನು ತಳ್ಳಿಹಾಕುತ್ತಿದ್ದನು. ಎಲ್ಲರಿಗೂ ಒಪ್ಪಿಗೆಯಾಗುವ ಒಂದು ಪ್ರಮಾಣ ಬೇಕಲ್ಲವೆ? 1865ರಲ್ಲಿ ಇಂಗ್ಲೆಂಡಿನಲ್ಲಿ ಟೆಗೆಟ್‌ಮಿಯರನು ಇಂಥ ಪ್ರಮಾಣಗ್ರಂಥವನ್ನು ಸಂಪಾದಿಸಿ ಹೊರತಂದನು. ಈತನು ಸಾಮಾನ್ಯನಲ್ಲ, ಡಾರ್ವಿನ್ನನಿಗೆ ಕೋಳಿ ಪಾರಿವಾಳಗಳ ವಿಷಯವನ್ನು ಒದಗಿಸಿಕೊಟ್ಟ ಮಿತ್ರ. ಸಾಕಿದ ಪ್ರಾಣಿಗಳ ಮಾರ್ಪಾಡನ್ನು ಕುರಿತು ಡಾರ್ವಿನ್ನನು 1868ರಲ್ಲಿ ಪ್ರಕಟಿಸಿದ ಹಿರಿಯ ಗ್ರಂಥದಲ್ಲಿ ಈತನ ನೆರವು ಅಲ್ಲಲ್ಲಿ ಕಾಣುವುದು. ಅಮೆರಿಕದಲ್ಲಿ 1873ರಲ್ಲಿ ಬಫಲೋ ನಗರದಲ್ಲಿ ಕೋಳಿಸಾಕಣೆಯವರ ಸಂಘವೊಂದು ಹುಟ್ಟಿ, ಮರುವರ್ಷವೇ ತನ್ನ ಪ್ರಮಾಣಗ್ರಂಥವನ್ನು ಅಚ್ಚುಹಾಕಿಸಿತು. ಹಲವು ಸಲ ತಿದ್ದುಪಡಿಯಾಗಿ ಆ ಗ್ರಂಥ ಇಂದಿಗೂ ಬಳಕೆಯಲ್ಲಿದೆ.

ಈ ಗ್ರಂಥಗಳು ಏನನ್ನು ಹೇಳುತ್ತವೆ? ತಳಿಯನ್ನು ತಳಿಯಾಗಿಸುವುದು ಆಕಾರ, ಅದರೊಳಗಿನ ಉಪತಳಿಯನ್ನು ಗುರುತಿಸುವುದು ಬಣ್ಣ ಎಂಬುದು ಇವುಗಳ ಮೂಲಸೂತ್ರ. ಉದಾಹರಣೆಗೆ ರೋಡ್ ಐಲೆಂಡ್ ರೆಡ್ ಹುಂಜವನ್ನೂ ವಯಾಂಡಾಟ್ ಹುಂಜವನ್ನೂ ತೆಗೆದುಕೊಳ್ಳೋಣ. ಅಮೆರಿಕದ ಪ್ರಮಾಣದಂತೆ ಬಲಿತ ಹುಂಜದ ತೂಕ ಎರಡರಲ್ಲಿಯೂ ಒಂದೇ: ಎಂಟೂವರೆ ಪೌಂಡು, ಎಂದರೆ ಸುಮಾರು 3.9 ಕಿಲೋಗ್ರಾಂ. ಆದರೆ ಪಕ್ಕದಿಂದ ನೋಡಿದರೆ ರೆಡ್ ಕೋಳಿ ಇಟ್ಟಿಗೆಯಂತೆ ಉದ್ದ. ಬೆನ್ನು ನೆಲಕ್ಕೆ ಸಮಾಂತರ. ಎದೆಯೂ ಹಿಂಭಾಗವೂ ಚೌಕಟ್ಟಾಗಿ ಮುಗಿದಿರಬೇಕು. ವಯಾಂಡಾಟಿನಲ್ಲಾದರೋ ಒಂದೂ ನೇರಗೆರೆ ಇರಕೂಡದು. ಕುತ್ತಿಗೆ, ಬೆನ್ನು, ಬಾಲ, ಎದೆ ಎಲ್ಲವೂ ಬಾಗುರೇಖೆಗಳಾಗಿ ಒಂದರೊಳಗೊಂದು ಕೂಡಿಕೊಳ್ಳಬೇಕು. ಒಂದೇ ಪ್ರಮಾಣದ ಮಾಂಸ ಮೂಳೆಗಳನ್ನು ಎರಡು ಬೇರೆ ಅಚ್ಚುಗಳಲ್ಲಿ ಎರಕ ಹೊಯ್ದಂತೆ. ಬಾಲವು ಬೆನ್ನಿನಿಂದ ಎಷ್ಟು ಮೇಲೇಳಬೇಕೆಂಬುದನ್ನು ಸಹ ಕೋನಮಾನದ ಡಿಗ್ರಿಗಳಲ್ಲಿ ನಮೂದಿಸಿರುವುದನ್ನು ಕಂಡು ಭೌತವಿಜ್ಞಾನವನ್ನು ಕಲಿಸುವ ನನಗೆ ಸಂತೋಷವೇ ಆಯಿತು.

ಹಿಂದೆ ಅಮೆರಿಕದಲ್ಲಿ ತೀರ್ಪುಗಾರರು ಪ್ರತಿಯೊಂದು ಕೋಳಿಗೂ ಒಂದು ಅಂಕಪಟ್ಟಿಯನ್ನು ಬರೆಯುತ್ತಿದ್ದರು. ಪರಿಪೂರ್ಣವಾದ ಕೋಳಿಗೆ ನೂರು ಅಂಕ. ತಲೆಯ ದೋಷಕ್ಕೆ ಅರ್ಧ, ಜುಟ್ಟಿಗೆ ಒಂದು, ಬೆನ್ನಿಗೆ ಒಂದೂವರೆ ಎಂದು ಕಳೆಯುತ್ತ ಹೋಗಿ ಉಳಿದುದನ್ನು ಕೂಡುವರು. ಕ್ರಮವೇನೋ ಚೆನ್ನಾಗಿದೆ. ಆದರೆ ಕಾಲಕ್ರಮದಲ್ಲಿ ಇದನ್ನು ಬಹುತೇಕ ಕೈಬಿಟ್ಟು, ಕೋಳಿಗಳನ್ನು ಪ್ರಮಾಣದೊಡನೆಯೂ ಒಂದನ್ನು ಇನ್ನೊಂದರೊಡನೆಯೂ ಹೋಲಿಸಿ ನೋಡುವ ಕ್ರಮಕ್ಕೆ ಬಂದರು. ಬಿಡಿ ಅಂಗಗಳಿಗೆ ಕೊಟ್ಟ ಅಂಕಗಳನ್ನು ಕೂಡಿದರೆ ಇಡಿಯ ಕೋಳಿಯಾಗುವುದಿಲ್ಲ. ಪ್ರತಿಯೊಂದು ಅಂಗದಲ್ಲಿಯೂ ತಕ್ಕಮಟ್ಟಿಗೆ ಇದ್ದು, ಒಟ್ಟಿನಲ್ಲಿ ಯಾವ ತಳಿಯದೆಂದೇ ತಿಳಿಯದ ಕೋಳಿಗೆ ತೊಂಬತ್ತು ಅಂಕ ಬಂದುಬಿಡಬಹುದು. ವರ್ಷವರ್ಷವೂ ಉತ್ತರಪತ್ರಿಕೆಗಳನ್ನು ತಿದ್ದುವ ನಮ್ಮಂಥವರಿಗೆ ಈ ಸಂಕಟ ಹೊಸದಲ್ಲ.

ಅಂಕಗಳ ಮಾತಿಗೇ ನಿಲ್ಲದ ಕೆಲವು ದೋಷಗಳೂ ಉಂಟು. ಬಾಲ ಒಂದು ಮಗ್ಗುಲಿಗೆ ವಾಲಿದ್ದರೆ, ಒಂಟಿ ಜುಟ್ಟಿನ ಪಕ್ಕದಲ್ಲಿ ಇನ್ನೊಂದು ಚಿಗುರು ಒಡೆದಿದ್ದರೆ, ಬರಿಗಾಲಿನ ತಳಿಯ ಕಾಲಮೇಲೆ ಒಂದೇ ಒಂದು ಕಿರುಗರಿ ಇದ್ದರೆ ಆ ಕೋಳಿಗೆ ಪ್ರದರ್ಶನದಿಂದಲೇ ಬಹಿಷ್ಕಾರ. ಆದುದರಿಂದ ಬೇಡವಾದ ಗರಿಯನ್ನು ಹಿಂದಿನ ರಾತ್ರಿ ಕಿತ್ತುಹಾಕುವ ಜಾಣರಿಗೂ ಕೊರತೆಯಿರಲಿಲ್ಲ. ಬಿಳಿಯ ಕೋಳಿಗಳಿಗೆ ಸಾಬೂನಿನ ಸ್ನಾನ ಮಾಡಿಸಿ, ಕೊನೆಯ ನೀರಿಗೆ ನಾವು ಪಂಚೆಗೆ ಹಾಕುವಂತೆ ಚಿಟಿಕೆ ನೀಲಿ ಬೆರೆಸುವುದು ಮಾತ್ರ ನ್ಯಾಯಸಮ್ಮತ.

ಈಗ ಮೈಕಟ್ಟಿನ ಮುಖ್ಯ ತೊಡಕಿಗೆ ಬರೋಣ. ನಾವು ಕೋಳಿಯನ್ನು ನೋಡುವಾಗ ನಿಜವಾಗಿ ನೋಡುವುದು ಅದರ ಗರಿಗಳನ್ನು. ಗರಿಗಳ ನಡುವೆ ಸಿಕ್ಕಿಬಿದ್ದ ಗಾಳಿ ಅದಕ್ಕೆ ಕಂಬಳಿ. ಚಳಿಯಲ್ಲಿ ಮೈಯುಬ್ಬಿಸಿದ ಕೋಳಿ ಕಂಬಳಿಯನ್ನು ದಪ್ಪಮಾಡಿಕೊಳ್ಳುವುದಷ್ಟೆ. ಈ ಕಂಬಳಿ ಕಣ್ಣಿಗೆ ಎಂಥ ಮೋಸ ಮಾಡಬಲ್ಲದೆಂಬುದನ್ನು ಸುಲಭವಾದ ಲೆಕ್ಕದಿಂದ ಕಾಣಬಹುದು. ಕೋಳಿಯ ಒಡಲು 8 ಸೆಂಟಿಮೀಟರ್ ತ್ರಿಜ್ಯದ ಗೋಳವೆಂದು ಭಾವಿಸೋಣ. (ಯಾವ ಕೋಳಿಯೂ ಗೋಳವಲ್ಲ, ಆದರೂ ಲೆಕ್ಕಕ್ಕೆ ಅಡ್ಡಿಯಿಲ್ಲ.) ಅದರ ಗಾತ್ರ ಸುಮಾರು 2,145 ಘನ ಸೆಂಟಿಮೀಟರ್. ಇದರ ಮೇಲೆ 2 ಸೆಂಟಿಮೀಟರ್ ದಪ್ಪದ ಗರಿಯಿದ್ದರೆ ಹೊರಗೆ ಕಾಣುವ ಗಾತ್ರ 4,189. ಗರಿಯ ದಪ್ಪ 3 ಸೆಂಟಿಮೀಟರ್ ಆದರೆ 5,575. ಒಳಗಿನ ಒಡಲು ಒಂದು ಗುಲಗಂಜಿಯಷ್ಟೂ ಹೆಚ್ಚದೆ, ಗರಿಯ ದಪ್ಪ ಒಂದೇ ಒಂದು ಸೆಂಟಿಮೀಟರ್ ಹೆಚ್ಚಿದ ಮಾತ್ರಕ್ಕೆ ಕೋಳಿಯು ಮೂರನೆಯ ಒಂದು ಪಾಲು ಹಿರಿದಾಗಿ ಕಂಡಿತು!

ತೂಕದ ವಿಷಯದಲ್ಲಿ ಕಣ್ಣು ಇದಕ್ಕೆ ವಿರುದ್ಧವಾದ ತಪ್ಪನ್ನು ಮಾಡುವುದು. ಲೆಗ್‌ಹಾರ್ನ್ ಹುಂಜದ ಪ್ರಮಾಣ ತೂಕ 6 ಪೌಂಡು, ಜರ್ಸಿ ಜೈಂಟ್ ಹುಂಜದ್ದು 13 ಪೌಂಡು. ಎರಡರ ಆಕಾರವೂ ಒಂದೇ ಬಗೆಯದಾಗಿದ್ದಿದ್ದರೆ ಉದ್ದದಲ್ಲಿ ಎಷ್ಟು ವ್ಯತ್ಯಾಸ ಇರುತ್ತಿದ್ದಿತು? ತೂಕವು ಉದ್ದದ ಘನಕ್ಕೆ ಅನುಗುಣವಾದುದರಿಂದ, ಎರಡರ ತೂಕಗಳ ನಿಷ್ಪತ್ತಿಯ ಘನಮೂಲವನ್ನು ತೆಗೆದರೆ 1.29 ಬರುವುದು. ಎಂದರೆ ಎರಡರಷ್ಟಕ್ಕಿಂತ ಹೆಚ್ಚು ತೂಗುವ ಹುಂಜವು ಉದ್ದದಲ್ಲಿ ನೂರಕ್ಕೆ 29ರಷ್ಟು ಮಾತ್ರ ಹೆಚ್ಚು. ತಕ್ಕಡಿಯಿಲ್ಲದೆ ಬರಿಗಣ್ಣಿನಿಂದ ಅರ್ಧ ಪೌಂಡಿನ ವ್ಯತ್ಯಾಸವನ್ನು ಹೇಳುವೆನೆಂಬವನ ಮಾತನ್ನು ನಾನಂತೂ ನಂಬಲಾರೆ.

ಗರಿಯ ಮೋಸಕ್ಕೆ ಇಡೀ ಒಂದು ತಳಿಯೇ ಸಿಕ್ಕಿಬಿದ್ದ ಕಥೆ ಆರ್ಪಿಂಗ್ಟನ್ ಕೋಳಿಯದು. ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ವಿಲಿಯಂ ಕುಕ್ ಎಂಬುವನು ಮಿನಾರ್ಕ, ಲ್ಯಾಂಗ್‌ಷಾನ್, ಪ್ಲಿಮತ್ ರಾಕ್ ಕೋಳಿಗಳನ್ನು ಬೆರೆಸಿ 1886ರಲ್ಲಿ ಕಪ್ಪು ಆರ್ಪಿಂಗ್ಟನ್ನನ್ನು ಲೋಕಕ್ಕೆ ತೋರಿಸಿದನು. ಮೊಟ್ಟೆಗೂ ಸೈ, ಮಾಂಸಕ್ಕೂ ಸೈ ಎನ್ನಿಸಿಕೊಂಡ ಗೃಹಸ್ಥರ ಕೋಳಿ ಅದು. ಪ್ರದರ್ಶನದ ಆಸಕ್ತರು ಅದನ್ನು ಕೈಗೆತ್ತಿಕೊಂಡು, ಕೊಚಿನ್ ರಕ್ತವನ್ನು ಬೆರೆಸಿ, ಅದರ ಗರಿಗಳನ್ನು ಮೆತ್ತಗೂ ದಟ್ಟವಾಗಿಯೂ ಬೆಳೆಸಿದರು. ಕೋಳಿ ನೆಲದ ಮೇಲೆ ಉರುಳುವ ಹತ್ತಿಯ ಮೂಟೆಯಂತೆ ಆಯಿತು, ಬಹುಮಾನಗಳ ಮಳೆ ಸುರಿಯಿತು, ಮೊಟ್ಟೆಗಳು ಕಡಿಮೆಯಾದುವು. ಇದೇ ಕಪ್ಪು ಆರ್ಪಿಂಗ್ಟನ್ನನ್ನು ಆಸ್ಟ್ರೇಲಿಯಕ್ಕೆ ಒಯ್ದವರು ಹಳೆಯ ಮೈಕಟ್ಟನ್ನೇ ಉಳಿಸಿಕೊಂಡು ಮೊಟ್ಟೆಗಾಗಿ ಆರಿಸುತ್ತ ಬಂದರು. 1922-23ರ ಒಂದು ಸ್ಪರ್ಧೆಯಲ್ಲಿ ಅಲ್ಲಿಯ ಆರು ಹೇಟೆಗಳು 365 ದಿನಗಳಲ್ಲಿ 1,857 ಮೊಟ್ಟೆಗಳನ್ನಿಟ್ಟುವು. ಸರಾಸರಿ ತಲೆಗೆ 309ಕ್ಕೂ ಹೆಚ್ಚು. ಆ ತಳಿಗೆ ಆಸ್ಟ್ರಲಾರ್ಪ್ ಎಂಬ ಬೇರೆಯ ಹೆಸರೇ ಬಂದಿತು. ಒಂದೇ ತಾಯಿಯ ಎರಡು ಮಕ್ಕಳಲ್ಲಿ ಒಂದು ಕನ್ನಡಿಯ ಮುಂದೆಯೂ ಇನ್ನೊಂದು ಹೊಲದಲ್ಲಿಯೂ ಬೆಳೆದಂತೆ ಆಯಿತು.

ಕಪ್ಪು ಕೋಳಿಗಳ ಮಾತು ಬಂದುದರಿಂದ ಒಂದು ಸಣ್ಣ ವಿಷಯಾಂತರ. ಇಂಥ ಕೋಳಿಯ ಗರಿ ಬಿಸಿಲಿನಲ್ಲಿ ಜೀರುಂಡೆಯ ಬೆನ್ನಿನಂತೆ ಹಸಿರಾಗಿ ಹೊಳೆಯಬೇಕೆಂದೂ ಆ ಹೊಳಪು ನೇರಳೆಗೆ ತಿರುಗಿದರೆ ದೋಷವೆಂದೂ ತೀರ್ಪುಗಾರರ ಮತ. ಗರಿಯಲ್ಲಿ ಹಸಿರು ಬಣ್ಣವೂ ಇಲ್ಲ, ನೇರಳೆಯೂ ಇಲ್ಲ. ಇರುವುದು ಕಪ್ಪು ಮೆಲನಿನ್ ಕಣಗಳ ಪದರಗಳು, ಅವುಗಳ ಮೇಲೆ ಕೆರಟಿನ್ನಿನ ತೆಳ್ಳನೆಯ ಪೊರೆ. ಸಾಬೂನಿನ ಗುಳ್ಳೆಯಲ್ಲಿ ಬಣ್ಣ ಹುಟ್ಟುವ ಹಾಗೆಯೇ ಇಲ್ಲಿಯೂ ಬೆಳಕಿನ ಅಲೆಗಳು ಒಂದನ್ನೊಂದು ಕೂಡಿ ಕಳೆದು ಬಣ್ಣವನ್ನು ತೋರಿಸುತ್ತವೆ. ಪದರಗಳ ಏರ್ಪಾಡಿನಲ್ಲಿ ಅತ್ಯಲ್ಪವಾದ ವ್ಯತ್ಯಾಸವಾದರೂ ಹಸಿರು ಹೋಗಿ ನೇರಳೆಯಾಗುವುದು. ತನಗರಿವಿಲ್ಲದೆಯೇ ತೀರ್ಪುಗಾರನು ಬೆಳಕಿನ ಅಲೆಯುದ್ದಕ್ಕಿಂತ ಸೂಕ್ಷ್ಮವಾದ ಅಳತೆಯನ್ನು ಮಾಡುತ್ತಿರುವನು!

ಕಣ್ಣು ಮೋಸಹೋಗುವ ಕಡೆ ಕೈ ಮೋಸಹೋಗುವುದಿಲ್ಲ. ಆದುದರಿಂದಲೇ ತೀರ್ಪುಗಾರನು ಕೋಳಿಯನ್ನು ಹೊರಕ್ಕೆ ತೆಗೆಯುವುದು. ಅಂಗೈಯ ಮೇಲೆ ಕೋಳಿಯ ಎದೆಮೂಳೆಯ ಏಣು ಕುಳಿತಿರುತ್ತದೆ. ಅದು ದೋಣಿಯ ಅಡಿಗಂಬದಂತೆ ನೇರವಾಗಿ ಉದ್ದವಾಗಿದೆಯೆ, ಡೊಂಕಾಗಿದೆಯೆ? ಅದರ ಎರಡು ಪಕ್ಕಗಳಲ್ಲಿಯೂ ಮಾಂಸ ತುಂಬಿದೆಯೆ, ಏಣು ಕತ್ತಿಯಂತೆ ಕೈಗೆ ಚುಚ್ಚುವುದೆ? ಇನ್ನೊಂದು ಕೈಯ ಹೆಬ್ಬೆರಳೂ ತೋರುಬೆರಳೂ ಗರಿಗಳ ಒಳಹೊಕ್ಕು ಬೆನ್ನಿನ ಅಗಲವನ್ನು ಅಳೆಯುವುವು. ಭುಜದ ಬಳಿ ಇರುವ ಅಗಲ ಹಿಂದಿನವರೆಗೂ ಉಳಿದಿರಬೇಕು; ಹಿಂದಕ್ಕೆ ಹೋದಂತೆ ಕಿರಿದಾದರೆ ಒಳಗಿನ ಅಂಗಗಳಿಗೆ ಸ್ಥಳ ಕಡಿಮೆ. ಮೊದಲು ಕೊಟ್ಟಿಗೆ ಕಟ್ಟು, ಆಮೇಲೆ ಬಣ್ಣ ಬಳಿ ಎಂಬುದು ಅಮೆರಿಕದ ಹಳೆಯ ಕೋಳಿಸಾಕಣೆಯವರ ಗಾದೆ.

ಹೇಟೆಗಳಲ್ಲಿ ಇನ್ನೊಂದು ಪರೀಕ್ಷೆಯುಂಟು. ಕ್ಯಾಲಿಫೋರ್ನಿಯದ ವಾಲ್ಟರ್ ಹೋಗನ್ ಎಂಬುವನು 1913ರಲ್ಲಿ ಬರೆದ ಪುಸ್ತಕದಿಂದ ಇದು ಪ್ರಸಿದ್ಧವಾಯಿತು. ಬಾಲದ ಕೆಳಗೆ, ಮೊಟ್ಟೆ ಹೊರಬರುವ ದ್ವಾರದ ಎರಡು ಕಡೆಯೂ ಎರಡು ತೆಳುವಾದ ಮೂಳೆಗಳ ತುದಿಗಳು ಕೈಗೆ ಸಿಕ್ಕುತ್ತವೆ. ಮೊಟ್ಟೆಯಿಡದ ಹೇಟೆಯಲ್ಲಿ ಇವುಗಳ ನಡುವೆ ಒಂದು ಬೆರಳು ಹಿಡಿಸುವುದೂ ಕಷ್ಟ. ಇಡುತ್ತಿರುವುದರಲ್ಲಿ ಎರಡು ಮೂರು ಬೆರಳುಗಳು ಸರಾಗವಾಗಿ ಹಿಡಿಸುತ್ತವೆ. ಈ ಮೂಳೆಗಳಿಂದ ಎದೆಮೂಳೆಯ ತುದಿಯವರೆಗಿನ ಆಳವನ್ನೂ ಬೆರಳುಗಳಿಂದಲೇ ಅಳೆಯುವರು. ಬೆರಳೇ ಇಲ್ಲಿ ಮಾನಕ. ಮೀಟರಿಗಿಂತ ಹಳೆಯ ಮಾನಕವಲ್ಲವೆ?

ಕಾಲಿನ ಬಣ್ಣದಲ್ಲಿಯೂ ಒಂದು ಲೆಕ್ಕದ ಪುಸ್ತಕ ಅಡಗಿದೆ. ಲೆಗ್‌ಹಾರ್ನ್, ಪ್ಲಿಮತ್ ರಾಕ್, ರೋಡ್ ಐಲೆಂಡ್ ರೆಡ್ ಮೊದಲಾದ ತಳಿಗಳಿಗೆ ಹಳದಿಯ ಕಾಲುಗಳು ಇರಬೇಕೆಂದು ಪ್ರಮಾಣಗ್ರಂಥ ಹೇಳುವುದು. ಈ ಹಳದಿಯು ಜೋಳದ ಕಾಳಿನಿಂದಲೂ ಸೊಪ್ಪಿನಿಂದಲೂ ಬರುವ ವರ್ಣದ್ರವ್ಯ. ಹೇಟೆ ಮೊಟ್ಟೆಯಿಡತೊಡಗಿದರೆ ಈ ದ್ರವ್ಯವೆಲ್ಲ ಚರ್ಮಕ್ಕೆ ಹೋಗದೆ ಮೊಟ್ಟೆಯ ಭಂಡಾರಕ್ಕೆ ಸಂದಾಯವಾಗುವುದು. ಆಗ ಮೈಮೇಲಿನ ಹಳದಿ ಒಂದು ಗೊತ್ತಾದ ಕ್ರಮದಲ್ಲಿ ಮಾಸುತ್ತದೆ: ಮೊದಲು ಮೊಟ್ಟೆಯ ದ್ವಾರದ ಸುತ್ತ, ಅನಂತರ ಕಣ್ಣಿನ ಅಂಚು, ಕಿವಿಯ ಹಾಲೆ, ಬುಡದಿಂದ ತುದಿಯವರೆಗೆ ಕೊಕ್ಕು, ಕಟ್ಟಕಡೆಗೆ ಕಾಲು. ಕಾಲು ಪೂರ್ತಿ ಬಿಳಿಚಿಕೊಂಡ ಹೇಟೆ ತಿಂಗಳುಗಟ್ಟಲೆ ಬಿಡುವಿಲ್ಲದೆ ಮೊಟ್ಟೆಯಿಟ್ಟಿದೆಯೆಂದು ಅರ್ಥ. ಈಗ ತೀರ್ಪುಗಾರನ ಸಂಕಟವನ್ನು ಊಹಿಸಿಕೊಳ್ಳಿರಿ. ಎದುರಿಗೆ ಎರಡು ಹೇಟೆಗಳು. ಒಂದರ ಕಾಲು ಅರಿಸಿನದ ಕೊಂಬಿನಂತೆ ಇದೆ, ಇನ್ನೊಂದರದು ಬಿಳಿಚಿದೆ. ಅಕ್ಷರಶಃ ಪ್ರಮಾಣವನ್ನು ಅನುಸರಿಸಿದರೆ ಬಹುಮಾನ ಸೋಮಾರಿಗೆ ಹೋಗುವುದು. ತಿಳಿದ ತೀರ್ಪುಗಾರರು ಇದನ್ನು ಬಲ್ಲರು, ಎಲ್ಲರೂ ತಿಳಿದವರಾಗಿರಲಿಲ್ಲ.

ಈ ಹಳದಿಗೂ ನಮ್ಮ ನಾಡಿಗೂ ಒಂದು ನಂಟಿರುವುದು 2008ರಲ್ಲಿ ಬೆಳಕಿಗೆ ಬಂದಿತು. ಸಾಕುಕೋಳಿಗಳೆಲ್ಲ ಕೆಂಪು ಕಾಡುಕೋಳಿಯ ಸಂತಾನವೆಂಬುದು ಡಾರ್ವಿನ್ನನ ಅಭಿಪ್ರಾಯ; ಮುಖ್ಯಾಂಶದಲ್ಲಿ ಅದು ಸರಿಯೇ. ಆದರೆ ಹಳದಿ ಚರ್ಮದ ವಂಶವಾಹಿಯನ್ನು ಪರೀಕ್ಷಿಸಿದ ವಿಜ್ಞಾನಿಗಳು ಅದು ಬೂದು ಕಾಡುಕೋಳಿಯಿಂದ ಬಂದುದೆಂದು ಕಂಡರು. ಈ ಬೂದು ಕಾಡುಕೋಳಿ ದಕ್ಷಿಣ ಭಾರತದ ನಿವಾಸಿ. ಕೊಡಗು ಮಲೆನಾಡುಗಳ ಕಾಡಂಚಿನಲ್ಲಿ ಮುಂಜಾನೆ ನಡೆದವರು ಅದರ ಕೂಗನ್ನು ಕೇಳಿಯೇ ಇರುವರು. ಅಮೆರಿಕದ ಪ್ರದರ್ಶನದಲ್ಲಿ ಪದಕ ಗೆಲ್ಲುವ ಹಳದಿಗಾಲು ನಮ್ಮ ಪಶ್ಚಿಮಘಟ್ಟಗಳ ಈ ಪಕ್ಷಿಯ ಕುಲದಿಂದ ಪಡೆದ ಕಾಣಿಕೆ.

ಕೈಗೂ ಕಣ್ಣಿಗೂ ಎರಡಕ್ಕೂ ನಿಲುಕದ ಗುಣಗಳ ಗತಿಯೇನು? ಇದಕ್ಕೆ ವಯಾಂಡಾಟಿನ ಜುಟ್ಟಿಗಿಂತ ಉತ್ತಮವಾದ ಉದಾಹರಣೆ ನನಗೆ ತಿಳಿಯದು. ಈ ತಳಿಗೆ ತಲೆಗೆ ಅಂಟಿಕೊಂಡಂತಿರುವ, ಮೇಲೆಲ್ಲ ಸಣ್ಣ ಗುಬುಟುಗಳಿರುವ ಗುಲಾಬಿ ಜುಟ್ಟು ಇರಬೇಕು. ನಾವು ಸಾಮಾನ್ಯವಾಗಿ ಕಾಣುವ ಗರಗಸದಂಥ ಒಂಟಿ ಜುಟ್ಟು ಬಂದರೆ ಅದು ಅನರ್ಹ. ಮೆಂಡೆಲನ ನಿಯಮ ಸಸ್ಯಗಳಿಗಷ್ಟೇ ಅಲ್ಲ, ಪ್ರಾಣಿಗಳಿಗೂ ಸಲ್ಲುವುದೆಂದು 1902ರಲ್ಲಿ ಬೇಟ್‌ಸನ್ನನು ತೋರಿಸಿದಾಗ ಆಧಾರವಾಗಿ ತೆಗೆದುಕೊಂಡ ಲಕ್ಷಣಗಳಲ್ಲಿ ಕೋಳಿಯ ಜುಟ್ಟೂ ಒಂದು. ಗುಲಾಬಿ ಜುಟ್ಟು ಪ್ರಬಲ ಲಕ್ಷಣ. ಒಂಟಿ ಜುಟ್ಟು ದುರ್ಬಲ. ತಂದೆತಾಯಿಗಳಿಬ್ಬರಿಂದಲೂ ಗುಲಾಬಿ ವಂಶವಾಹಿಯನ್ನು ಪಡೆದ ಕೋಳಿಯೂ ಒಬ್ಬರಿಂದ ಮಾತ್ರ ಪಡೆದ ಕೋಳಿಯೂ ನೋಟಕ್ಕೆ ಒಂದೇ. ಹಾಗಿದ್ದರೆ ಒಂಟಿ ಜುಟ್ಟಿನವನ್ನು ತಲೆಮಾರು ತಲೆಮಾರಿಗೂ ತೆಗೆದುಹಾಕುತ್ತ ಬಂದರೆ ಕ್ರಮೇಣ ಅವು ಅತಿ ವಿರಳವಾಗಬೇಕಾಗಿತ್ತು. ಆದರೆ ವಯಾಂಡಾಟಿನ ಮರಿಗಳಲ್ಲಿ ಒಂಟಿ ಜುಟ್ಟು ಕಾಣಿಸಿಕೊಳ್ಳುವುದು ನಿಲ್ಲಲೇ ಇಲ್ಲ. ಅದರೊಡನೆ, ಅಪ್ಪಟ ಗುಲಾಬಿ ಜುಟ್ಟಿನ ಹುಂಜಗಳನ್ನು ಕೂಡಿಸಿದಾಗ ಮೊಟ್ಟೆಗಳು ಸರಿಯಾಗಿ ಫಲಿಸುತ್ತಿಲ್ಲವೆಂಬ ದೂರೂ ಹಳೆಯದು.

ಇದರ ಗುಟ್ಟು 2012ರಲ್ಲಿ ರಟ್ಟಾಯಿತು. ಏಳನೆಯ ವರ್ಣತಂತುವಿನ ಒಂದು ಭಾಗ, ಸುಮಾರು 74 ಲಕ್ಷ ಅಕ್ಷರಗಳ ಉದ್ದದ್ದು, ಹಿಂದೊಂದು ಕಾಲದಲ್ಲಿ ಕಿತ್ತುಬಂದು ತಲೆಕೆಳಗಾಗಿ ಮತ್ತೆ ಅಲ್ಲಿಯೇ ಜೋಡಣೆಯಾಗಿತ್ತು. ಪುಸ್ತಕದ ನಡುವಿನ ಕೆಲವು ಹಾಳೆಗಳನ್ನು ಹರಿದು ತಿರುಗುಮುರುಗಾಗಿ ಹೊಲಿದಂತೆ. ಹರಿದ ಒಂದು ಅಂಚಿನ ದೆಸೆಯಿಂದ, ಬೇರೆಲ್ಲಿಯೋ ಕೆಲಸ ಮಾಡಬೇಕಾಗಿದ್ದ ವಂಶವಾಹಿಯೊಂದು ಜುಟ್ಟಿನಲ್ಲಿ ಎಚ್ಚರಗೊಂಡು ಅದಕ್ಕೆ ಗುಲಾಬಿಯ ಆಕಾರವನ್ನು ಕೊಟ್ಟಿತು. ಇನ್ನೊಂದು ಅಂಚು ಹುಂಜದ ವೀರ್ಯಾಣುಗಳಿಗೆ ಅಗತ್ಯವಾದ ಮತ್ತೊಂದು ವಂಶವಾಹಿಯ ಮೇಲೆಯೇ ಹಾದು ಅದನ್ನು ತುಂಡರಿಸಿತು. ಒಂದು ಪ್ರತಿ ಕೆಟ್ಟರೆ ಇನ್ನೊಂದು ಪ್ರತಿ ಕೆಲಸವನ್ನು ನಡೆಸಿಕೊಂಡು ಹೋಗುವುದು. ಎರಡೂ ಕೆಟ್ಟಿದ್ದರೆ ಆ ಹುಂಜದ ಫಲಶಕ್ತಿ ಕುಗ್ಗುವುದು. ಹೀಗೆ ಅಪ್ಪಟ ಹುಂಜಕ್ಕೆ ಮರಿಗಳು ಕಡಿಮೆ. ಬೆರಕೆಯ ಹುಂಜಕ್ಕೆ ಹೆಚ್ಚು. ಬೆರಕೆಯ ಜೊತೆಗೆ ಬೆರಕೆ ಕೂಡಿದಲ್ಲಿ ನಾಲ್ಕರಲ್ಲೊಂದು ಮರಿಗೆ ಮತ್ತೆ ಒಂಟಿ ಜುಟ್ಟು. ತೀರ್ಪುಗಾರನು ಕೊಡುತ್ತಿದ್ದ ನೀಲಿ ಪಟ್ಟಿ ಒಂದು ಜುಟ್ಟಿಗೆ. ಅದರ ಬೆನ್ನಿಗೆ ಕಟ್ಟಿಕೊಂಡು ಬಂದ ಬಂಜೆತನ ಆತನಿಗಾಗಲಿ ಸಾಕಿದವನಿಗಾಗಲಿ ಕಾಣುವಂತಿರಲಿಲ್ಲ. ಅನುಭವಸ್ಥರು ಕೆಲವರು ಮಾತ್ರ ಕಾರಣ ತಿಳಿಯದೆಯೇ ಒಂಟಿ ಜುಟ್ಟಿನ ಒಂದೆರಡು ಹೇಟೆಗಳನ್ನು ಹಿಂಡಿನಲ್ಲಿ ಉಳಿಸಿಕೊಳ್ಳುತ್ತಿದ್ದರು.

ಪಟ್ಟೆಪಟ್ಟೆಯ ಪ್ಲಿಮತ್ ರಾಕ್ ಇನ್ನೊಂದು ಬಗೆಯ ಪಾಠ. ಹುಂಜ ಹೇಟೆಗಳೆರಡರ ಪಟ್ಟೆಗಳೂ ನೋಟಕ್ಕೆ ಒಂದೇ ಛಾಯೆಯವಾಗಿರಬೇಕೆಂದು ಪ್ರದರ್ಶನದವರು ಬಯಸಿದರು. ಆದರೆ ಪಟ್ಟೆಯ ವಂಶವಾಹಿ ಇರುವುದು ಲಿಂಗವನ್ನು ನಿರ್ಧರಿಸುವ ವರ್ಣತಂತುವಿನಲ್ಲಿ. ಕೋಳಿಗಳಲ್ಲಿ ಹುಂಜಕ್ಕೆ ಆ ತಂತು ಎರಡು, ಹೇಟೆಗೆ ಒಂದೇ. ಎರಡು ಪ್ರತಿಗಳಿರುವ ಹುಂಜದಲ್ಲಿ ಬಿಳಿಯ ಪಟ್ಟೆ ಅಗಲ, ಒಂದೇ ಪ್ರತಿಯಿರುವ ಹೇಟೆಯಲ್ಲಿ ಕಿರಿದು; ಆದುದರಿಂದ ಅಣ್ಣತಂಗಿಯರಲ್ಲಿ ಅಣ್ಣನು ತಿಳಿ, ತಂಗಿ ಕಪ್ಪು. ನಿಸರ್ಗ ಒಪ್ಪದುದನ್ನು ಮನುಷ್ಯನು ಹೇಗೆ ಸಾಧಿಸಿದನು ಗೊತ್ತೆ? ಎರಡು ಬೇರೆ ವಂಶಗಳನ್ನೇ ಸಾಕಿದನು. ಒಂದರಲ್ಲಿ ಹುಂಜಗಳು ಸರಿಯಾದ ಛಾಯೆಗೆ ಬಂದು ಹೇಟೆಗಳು ಕರಿಬಡಿಯುತ್ತಿದ್ದುವು. ಇನ್ನೊಂದರಲ್ಲಿ ಹೇಟೆಗಳು ಸರಿಯಾಗಿದ್ದು ಹುಂಜಗಳು ಬೂದಿ ಬಳಿದುಕೊಂಡಂತೆ ಇರುತ್ತಿದ್ದುವು. ಪ್ರದರ್ಶನದಲ್ಲಿ ಪಕ್ಕಪಕ್ಕದಲ್ಲಿ ನಿಂತು ಬಹುಮಾನ ಪಡೆದ 'ದಂಪತಿಗಳು' ಒಂದೇ ತಳಿಯ ಹೆಸರನ್ನು ಹೊತ್ತ ಪರಸ್ಪರ ಅಪರಿಚಿತರು. ಎರಡನ್ನೂ ಕೂಡಿಸಿದರೆ ಯಾವ ಬಹುಮಾನಕ್ಕೂ ಸಲ್ಲದ ಮರಿಗಳು!

ಆಕಾರವನ್ನೇ ಹಿಗ್ಗಿಸುತ್ತ ಹೋದರೆ ಏನಾಗುವುದೆಂಬುದಕ್ಕೆ ಕಾರ್ನಿಷ್ ಕೋಳಿಯನ್ನು ನೋಡಬೇಕು. 19ನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ, ನಮ್ಮ ದೇಶದ ಅಸೀಲ್ ಕೋಳಿಯನ್ನು ಅಲ್ಲಿಯ ಅಂಕದ ಕೋಳಿಗಳೊಡನೆ ಬೆರೆಸಿ ಇದನ್ನು ಪಡೆದರು. ಇಂಗ್ಲೆಂಡಿನಲ್ಲಿ ಇದರ ಹೆಸರೇ 'ಇಂಡಿಯನ್ ಗೇಮ್'. ಕಾದಾಟಕ್ಕೆಂದು ಹುಟ್ಟಿಸಿದ ಈ ಕೋಳಿಗೆ ಕಾದಾಟದ ಚುರುಕು ಬರಲಿಲ್ಲ. ಬಂದುದು ಅಗಲವಾದ ಎದೆ, ಅದರ ತುಂಬ ಮಾಂಸ. ಪ್ರದರ್ಶನದಲ್ಲಿ ಅಗಲವೇ ಗುಣವೆನಿಸಿ, ಕಾಲುಗಳು ಗಿಡ್ಡವಾಗಿ ದೂರದೂರ ಸರಿದು, ಕಡೆಗೆ ಕೆಲವು ವಂಶಗಳ ಹುಂಜಗಳಿಗೆ ಹೇಟೆಯೊಡನೆ ಕೂಡುವುದೇ ದುಸ್ಸಾಧ್ಯವಾಯಿತು.

ಆದರೆ ಆ ಎದೆಯನ್ನು ಮರೆಯುವಂತಿರಲಿಲ್ಲ. 1948ರಲ್ಲಿ ಅಮೆರಿಕದ ಡೆಲವೇರಿನಲ್ಲಿ 'ನಾಳಿನ ಕೋಳಿ' ಎಂಬ ಸ್ಪರ್ಧೆಯ ಅಂತಿಮ ಹಂತ ನಡೆಯಿತು. ಇದರ ಕ್ರಮವನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಸ್ಪರ್ಧಿಗಳು ತಂದುದು ಸ್ನಾನ ಮಾಡಿಸಿದ ಕೋಳಿಯನ್ನಲ್ಲ, ಮೊಟ್ಟೆಗಳನ್ನು. ಎಲ್ಲರ ಮೊಟ್ಟೆಗಳನ್ನೂ ಒಂದೇ ಕಡೆ ಮರಿಮಾಡಿಸಿ, ಒಂದೇ ಬಗೆಯ ಮೇವನ್ನು ಕೊಟ್ಟು, ಹನ್ನೆರಡು ವಾರ ಬೆಳೆಸಿ, ಗರಿಗಳನ್ನು ತೆಗೆದ ಮೇಲೆ ಒಡಲನ್ನು ಪರೀಕ್ಷಿಸಿದರು. ಆದರ್ಶವಾದ ಎದೆ ಹೇಗಿರಬೇಕೆಂದು ತೋರಿಸಲು ಮೇಣದ ಬೊಂಬೆಯೊಂದನ್ನು ಮೊದಲೇ ಮಾಡಿಸಲಾಗಿತ್ತು. ಗೆದ್ದುದು ಕ್ಯಾಲಿಫೋರ್ನಿಯದ ವಾಂಟ್ರೆಸ್ ಎಂಬುವನ ಕೋಳಿ. ಕಾರ್ನಿಷ್ ಮತ್ತು ನ್ಯೂ ಹ್ಯಾಂಪ್‌ಷೈರ್ ತಳಿಗಳ ಸಂಕರ. ಪರಿಸರವನ್ನು ಸಮನಾಗಿರಿಸಿ ವಂಶವನ್ನು ಮಾತ್ರ ಹೋಲಿಸಿದ ಈ ಪರೀಕ್ಷೆ ನಿರ್ದುಷ್ಟವಾದುದೆಂದು ಒಪ್ಪಲೇಬೇಕು. ಅದರ ಫಲವಾಗಿ ಶುದ್ಧ ತಳಿಗಳ ಕಾಲ ರೈತನ ಅಂಗಳದಲ್ಲಿ ಬೇಗನೆ ಮುಗಿಯಿತು. ಇಂದಿನ ಮಾಂಸದ ಕೋಳಿಯು ಆ ಸಂಕರಗಳ ಪರಂಪರೆಯದು. ಅದರ ಎದೆಯ ಭಾರದಿಂದ ಗುರುತ್ವಕೇಂದ್ರವೇ ಮುಂದಕ್ಕೆ ಸರಿದು, ನಡೆಯುವುದು ಅದಕ್ಕೆ ಪ್ರಯಾಸವಾಗಿದೆ. ಗರಿಯನ್ನು ನಂಬಿದವರು ಒಂದು ಬಗೆಯಲ್ಲಿ ಕೆಡಿಸಿದರೆ, ತಕ್ಕಡಿಯನ್ನು ನಂಬಿದವರು ಇನ್ನೊಂದು ಬಗೆಯಲ್ಲಿ ಕೆಡಿಸಿದರು ಎಂದು ನನಗೆ ತೋರುವುದು.

2008ರಲ್ಲಿ ಪ್ರಕಟವಾದ ಅನುವಂಶಿಕ ಸಮೀಕ್ಷೆಯೊಂದರಂತೆ, ಹಳೆಯ ತಳಿಗಳಲ್ಲಿದ್ದ ವೈವಿಧ್ಯದಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಭಾಗ ವಾಣಿಜ್ಯದ ಕೋಳಿಗಳಲ್ಲಿ ಇಲ್ಲವಾಗಿದೆ. ಹೊಸ ರೋಗವೊಂದು ಬಂದಾಗ ಅದನ್ನು ತಡೆಯುವ ವಂಶವಾಹಿ ಆ ಇಲ್ಲವಾದ ಪಾಲಿನಲ್ಲಿ ಇದ್ದಿದ್ದರೆ? ಅದು ಈಗ ಎಲ್ಲಾದರೂ ಉಳಿದಿದ್ದರೆ ಪ್ರದರ್ಶನದ ಪಂಜರಗಳಲ್ಲಿಯೂ ನಮ್ಮ ಹಳ್ಳಿಗಳ ನಾಟಿಕೋಳಿಗಳಲ್ಲಿಯೂ ಉಳಿದಿರಬೇಕು. ಆಸಕ್ತರ ಹುಚ್ಚನ್ನು ಕಂಡು ನಗುವವರು ಇದನ್ನೂ ನೆನೆಯಬೇಕು.

ಅಮೆರಿಕದ ಓಹಾಯೊ ಸಂಸ್ಥಾನದ ವಾರೆನ್ ಎಂಬ ಊರಿನಲ್ಲಿ ನೆಟ್ಟಿ ಮೆಟ್ಕಾಫ್ ಎಂಬ ಮಹಿಳೆ 19ನೆಯ ಶತಮಾನದ ಕೊನೆಯಲ್ಲಿ ಬಕೈ ಎಂಬ ಕೆಂಗಂದು ಬಣ್ಣದ ತಳಿಯನ್ನು ಸೃಷ್ಟಿಸಿದಳು. ಚಳಿಗೆ ಮರಗಟ್ಟದ ಬಟಾಣಿ ಜುಟ್ಟು, ಅಗಲವಾದ ಬೆನ್ನು, ಗಟ್ಟಿಮುಟ್ಟಾದ ತೊಡೆ ಇವು ಅದರ ಲಕ್ಷಣ. ನೂರು ವರ್ಷಗಳಲ್ಲಿ ಅದರ ಸಂಖ್ಯೆ ಕುಗ್ಗಿ, ಉಳಿದವೂ ಮೈತೂಕ ಕಳೆದುಕೊಂಡು, ತಳಿ ಅಳಿವಿನ ಅಂಚಿಗೆ ಬಂದಿತ್ತು. ವಿರಳ ತಳಿಗಳನ್ನು ಕಾಪಾಡುವ ಸಂಸ್ಥೆಯೊಂದು 2005ರಲ್ಲಿ ಅದನ್ನು ಎತ್ತಿನಿಲ್ಲಿಸಲು ತೊಡಗಿದಾಗ ಪ್ರಯೋಗಶಾಲೆಯ ಯಂತ್ರಗಳನ್ನು ತರಲಿಲ್ಲ. 20ನೆಯ ಶತಮಾನದ ಆದಿಭಾಗದ ಹಳೆಯ ಕೈಪಿಡಿಗಳನ್ನು ಹುಡುಕಿ ತೆಗೆಯಿತು. ಮರಿಗಳು ಕೆಲವು ವಾರಗಳವಾದಾಗ ಒಮ್ಮೆ, ಇನ್ನಷ್ಟು ಬೆಳೆದ ಮೇಲೆ ಮತ್ತೊಮ್ಮೆ, ಒಂದೊಂದನ್ನೂ ತೂಗಿ, ತಲೆಬುರುಡೆಯ ಅಗಲ, ಬೆನ್ನಿನ ಅಗಲ, ಎದೆಯ ಸುತ್ತಳತೆ, ಏಣಿನ ಉದ್ದ ಇವನ್ನು ಕೈಯಿಂದ ಮುಟ್ಟಿ ನೋಡಿ, ಹಿಂಡಿನ ಉತ್ತಮವಾದವನ್ನು ಮಾತ್ರ ಮುಂದಿನ ತಲೆಮಾರಿಗೆ ಉಳಿಸಿಕೊಂಡರು. ಬಣ್ಣದ ಸರದಿ ಕೊನೆಗೆ. ಕೆಲವೇ ತಲೆಮಾರುಗಳಲ್ಲಿ ತೂಕ ಹೆಚ್ಚಿತು, ಬೆಳವಣಿಗೆ ಚುರುಕಾಯಿತು, ಸಾಕುವವರು ಹೊಸದಾಗಿ ಸೇರಿದರು; ಸಂಸ್ಥೆಯ ಪಟ್ಟಿಯಲ್ಲಿ ಬಕೈ ಕೋಳಿ ಅತಿ ಅಪಾಯದ ವರ್ಗದಿಂದ ಒಂದು ಮೆಟ್ಟಿಲು ಮೇಲಕ್ಕೆ ಬಂದಿತು. ಆ ಕೆಲಸಕ್ಕೆ ಬೇಕಾದ ಉಪಕರಣಗಳ ಪಟ್ಟಿ ಚಿಕ್ಕದು: ಒಂದು ತಕ್ಕಡಿ, ಕಾಲಿಗೆ ತೊಡಿಸಲು ಅಂಕೆಯ ಬಳೆಗಳು, ಬರೆದಿಡಲು ಒಂದು ಪುಸ್ತಕ, ಮತ್ತು ಗರಿಗಳ ಕೆಳಗೆ ಏನಿದೆಯೆಂದು ಮುಟ್ಟಿ ತಿಳಿಯಬಲ್ಲ ಹತ್ತು ಬೆರಳುಗಳು.